ಮೂರು ಆಸ್ಪತ್ರೆ, ಮೂರು ಸಲಹೆ: ಸ್ಮೈಲ್, ಪಿಆರ್‌ಕೆ, ಐಸಿಎಲ್. ಯಾರ ಮಾತು ಕೇಳಲಿ?

ಬೆಣ್ಣೆದೋಸೆ · ಭಾನುವಾರ ರಾತ್ರಿ 10:12

ಎಲ್ಲರಿಗೂ ನಮಸ್ಕಾರ. ವಯಸ್ಸು 27, ಊರು ದಾವಣಗೆರೆ, ಕೆಲಸ ಬೆಂಗಳೂರಲ್ಲಿ. ಐದನೇ ಕ್ಲಾಸಿಂದ ಕನ್ನಡಕ. ಬಲಗಣ್ಣು ಮೈನಸ್ 6, ಸಿಲಿಂಡರ್ (ಒಂದು ದಿಕ್ಕಿಗೆ ಮಾತ್ರ ಬೇಕಾಗೋ ಪವರ್) 1. ಎಡಗಣ್ಣು ಮೈನಸ್ 7, ಸಿಲಿಂಡರ್ 1.25. ಕನ್ನಡಕ ತೆಗೆದ್ರೆ ಗೋಡೆ ಗಡಿಯಾರ ಅಲ್ಲ, ಗೋಡೇನೇ ಕಾಣಲ್ಲ ಅನ್ನೋ ಸ್ಥಿತಿ. ಆಫೀಸಿಗೆ ಕಾಂಟ್ಯಾಕ್ಟ್ ಲೆನ್ಸ್ ಹಾಕ್ತೀನಿ, ಸಂಜೆ ಹೊತ್ತಿಗೆ ಕಣ್ಣು ಕೆಂಪು.

ಮನೇಲಿ ಗಂಡು ನೋಡ್ತಿದಾರೆ. "ಅಷ್ಟರೊಳಗೆ ಆ ಸೋಡಾ ಬಾಟ್ಲಿ ತೆಗೆಸಿಬಿಡು" ಅಂತ ಅಮ್ಮನ ವರಾತ. ಸರಿ ಅಂತ ಮೂರು ಆಸ್ಪತ್ರೆ ಸುತ್ತಿದೆ. ಮೊದಲನೆಯವರು "ಸ್ಮೈಲ್ ಅನ್ನೋ ಲೇಸರ್ ಮಾಡೋಣ, ಈ ಶನಿವಾರವೇ ಬನ್ನಿ, ಬುಕಿಂಗ್ ಮಾಡಿದ್ರೆ ಹತ್ತು ಸಾವಿರ ಡಿಸ್ಕೌಂಟ್" ಅಂದ್ರು. ಎರಡನೆಯವರು ಪಿಆರ್‌ಕೆ, ಅದೂ ಲೇಸರ್ರೇ. ಮೂರನೆಯವರು "ಕಾರ್ನಿಯಾ ಮುಟ್ಟೋದೇ ಬೇಡ, ಒಳಗೆ ಲೆನ್ಸ್ ಇಡೋಣ" ಅಂತ ಐಸಿಎಲ್. ಕಾರ್ನಿಯಾ ಅಂದ್ರೆ ಕಣ್ಣಿನ ಮುಂಭಾಗದ ಗಾಜಿನಂಥ ಪದರ.

ರೇಟು ಎರಡೂ ಕಣ್ಣಿಗೆ ಸೇರಿ: ಸ್ಮೈಲ್ 1 ಲಕ್ಷ 15 ಸಾವಿರ, ಪಿಆರ್‌ಕೆ 55 ಸಾವಿರ, ಐಸಿಎಲ್ 2 ಲಕ್ಷ 20 ಸಾವಿರ. ಒಂದೇ ಜೋಡಿ ಕಣ್ಣಿಗೆ ಇಷ್ಟು ಅಂತರ ಹೇಗೆ? ಮಾಡಿಸ್ಕೊಂಡವರು ಹೇಳಿ.

ಸಂಜೆಮಲ್ಲಿಗೆ · ಭಾನುವಾರ ರಾತ್ರಿ 10:31

ಕಣ್ಣುಮುಚ್ಚಿ ಸ್ಮೈಲ್ ಮಾಡಿಸ್ಕೊಳಿ ಮೇಡಂ. ನಂದು ಮೈನಸ್ 3.5 ಇತ್ತು, ಎರಡು ವರ್ಷ ಆಯ್ತು. ಮಲಗಿದ್ದೆ, ಹಸಿರು ಲೈಟ್ ನೋಡ್ತಾ ಇರಿ ಅಂದ್ರು, ಒಂದು ಕಣ್ಣಿಗೆ ಅರ್ಧ ನಿಮಿಷವೂ ಲೇಸರ್ ಇಲ್ಲ. ಮಾರನೇ ದಿನ ಎದ್ದು ಎದುರು ಮನೆ ನಂಬರ್ ಓದಿದೆ. ಮೂರನೇ ದಿನ ಆಫೀಸು.

ಅಕ್ಷರಪಟ · ಭಾನುವಾರ ರಾತ್ರಿ 11:05

ನಾನು ಆಪ್ಟೋಮೆಟ್ರಿಸ್ಟ್, ಡಾಕ್ಟರ್ ಅಲ್ಲ. ಹನ್ನೊಂದು ವರ್ಷದಿಂದ ಇಂಥ ಸ್ಕ್ಯಾನ್ ತೆಗೆಯೋದೇ ನನ್ನ ಕೆಲಸ. ಯಾವುದು ಒಳ್ಳೆಯದು ಅನ್ನೋ ಮುಂಚೆ ನಾಲ್ಕು ವಿಷಯ ಬೇಕು ತಂಗಿ:

ಕಾರ್ನಿಯಾ ದಪ್ಪ ಎಷ್ಟು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ)? ಸ್ಕ್ಯಾನ್ ದಿನಕ್ಕೆ ಕಾಂಟ್ಯಾಕ್ಟ್ ಲೆನ್ಸ್ ಬಿಟ್ಟು ಎಷ್ಟು ದಿನ ಆಗಿತ್ತು? ಹನಿ ಹಾಕಿ ಪಾಪೆ ಹಿಗ್ಗಿಸಿ ರೆಟಿನಾ, ಅಂದ್ರೆ ಕಣ್ಣಿನ ಹಿಂಭಾಗದ ಪರದೆ, ನೋಡಿದ್ರಾ? ಪವರ್ ಒಂದು ವರ್ಷದಿಂದ ನಿಂತಿದೆಯಾ?

ಬೆಣ್ಣೆದೋಸೆ · ಭಾನುವಾರ ರಾತ್ರಿ 11:20

ಫೈಲ್ ನೋಡಿ ಹೇಳ್ತಿದೀನಿ. ದಪ್ಪ ಬಲ 501, ಎಡ 498. ಪವರ್ ಎರಡು ವರ್ಷದಿಂದ ಅದೇ. ಹನಿ ಹಾಕಿ ನೋಡಿದ್ದು ಮೂರನೇ ಆಸ್ಪತ್ರೇಲಿ ಮಾತ್ರ, ಅದೂ ಅವತ್ತು ರಶ್ ಅಂತ ಬೇಗ ಮುಗಿಸಿದ್ರು. ಲೆನ್ಸ್... ಮೊದಲ ಆಸ್ಪತ್ರೆಗೆ ಹೋದಾಗ ಅಲ್ಲೇ ವಾಷ್‌ರೂಮಲ್ಲಿ ತೆಗೆದು ಡಬ್ಬೀಲಿ ಹಾಕ್ಕೊಂಡು ಕೂತೆ. ಯಾರೂ ಕೇಳ್ಲಿಲ್ಲ.

ಅಕ್ಷರಪಟ · ಸೋಮವಾರ ಬೆಳಿಗ್ಗೆ 7:48

ವಾಷ್‌ರೂಮ್ ವಿಷಯ ಓದಿ ಕಾಫಿ ನೆತ್ತಿಗೇರಿತು.

ಕಾಂಟ್ಯಾಕ್ಟ್ ಲೆನ್ಸ್ ಕಾರ್ನಿಯಾಗೆ ಹೋಗೋ ಆಕ್ಸಿಜನ್ ಕಮ್ಮಿ ಮಾಡುತ್ತೆ. ಕಾರ್ನಿಯಾ ಸ್ವಲ್ಪ ಊದಿಕೊಂಡು ಇರೋದಕ್ಕಿಂತ ದಪ್ಪ ತೋರಬಹುದು, ಆಕಾರವೂ ಕೊಂಚ ಸೊಟ್ಟ ಆಗಿರಬಹುದು. ಮೆತ್ತನೆ ಲೆನ್ಸ್ ಆದ್ರೆ ಒಂದೆರಡು ವಾರ, ಗಟ್ಟಿ ಲೆನ್ಸ್ ಆದ್ರೆ ಮೂರ್ನಾಲ್ಕು ವಾರ ಬಿಟ್ಟು ಅಳೆದದ್ದೇ ಅಳತೆ. ಹಾಗಾಗಿ ನಿಮ್ಮ 498 ಅನ್ನೋದನ್ನ ಸದ್ಯಕ್ಕೆ ಪೆನ್ಸಿಲ್‌ನಲ್ಲಿ ಬರೆದಿಟ್ಟುಕೊಳ್ಳಿ.

ಈಗ ಲೆಕ್ಕ. ಇದನ್ನ ಯಾವ ಜಾಹೀರಾತೂ ಹೇಳಲ್ಲ, ಆದ್ರೆ ಹತ್ತನೇ ಕ್ಲಾಸಿನ ಗಣಿತ ಸಾಕು. ಮೈನಸ್ ಪವರ್ ತೆಗೆಯೋದು ಅಂದ್ರೆ ಕಾರ್ನಿಯಾದ ನಡುಭಾಗ ಕೆತ್ತಿ ಚಪ್ಪಟೆ ಮಾಡೋದು. ಎಷ್ಟು ಆಳ? ಕೆತ್ತೋ ವೃತ್ತದ ವ್ಯಾಸದ ವರ್ಗವನ್ನ ಪವರ್‌ನಿಂದ ಗುಣಿಸಿ ಮೂರರಿಂದ ಭಾಗಿಸಿ. 6.5 ಮಿಲಿಮೀಟರ್ ವೃತ್ತಕ್ಕೆ ಒಂದು ಪವರ್‌ಗೆ ಸುಮಾರು 14 ಮೈಕ್ರಾನ್. 6 ಮಿಲಿಮೀಟರ್ ವೃತ್ತಕ್ಕೆ 12. ಯಂತ್ರದಿಂದ ಯಂತ್ರಕ್ಕೆ ಆಚೀಚೆ ಆಗುತ್ತೆ, ಇದು ಮೋಟಾ ಲೆಕ್ಕ.

ನಿಮ್ಮ ಎಡಗಣ್ಣು: 7 ಮತ್ತು ಸಿಲಿಂಡರ್ 1.25 ಸೇರಿ 8.25. ಇಂಟು 14, ಅಂದ್ರೆ 116 ಮೈಕ್ರಾನ್ ಹೋಗುತ್ತೆ.

ಲ್ಯಾಸಿಕ್ ಅನ್ನೋ ಲೇಸರ್ ಆಪರೇಷನ್ ಆದ್ರೆ ಮೊದಲು ಕಾರ್ನಿಯಾ ಮೇಲ್ಭಾಗದಲ್ಲಿ 110 ಮೈಕ್ರಾನ್ ಆಸುಪಾಸಿನ ಫ್ಲಾಪ್ ಎಬ್ಬಿಸ್ತಾರೆ, ಪುಸ್ತಕದ ರಟ್ಟು ತೆರೆದ ಹಾಗೆ. ಅದನ್ನ ವಾಪಸ್ ಮುಚ್ಚಿದ್ರೂ ಮೊದಲಿನ ಬಲ ಬರಲ್ಲ. 498ರಲ್ಲಿ 110 ಕಳೆದು 116 ಕಳೆದ್ರೆ ಉಳಿದದ್ದು 272. ಕನಿಷ್ಠ 250 ಉಳೀಬೇಕು ಅನ್ನೋದು ಹಳೇ ನಿಯಮ. ಈಗ ಹುಷಾರಿನ ಸರ್ಜನ್‌ಗಳು 300 ಕೇಳ್ತಾರೆ. ಮುಟ್ಟಿದ ಭಾಗ ಒಟ್ಟು ದಪ್ಪದ ಶೇಕಡಾ 40 ದಾಟಬಾರದು ಅಂತಲೂ ಒಂದು ಗೆರೆ ಇದೆ, ನಿಮ್ಮದು 45.

ಸ್ಮೈಲ್‌ನಲ್ಲಿ ಫ್ಲಾಪ್ ಇಲ್ಲ. ಫೆಮ್ಟೋಸೆಕೆಂಡ್ ಲೇಸರ್ ಕಾರ್ನಿಯಾ ಒಳಗೇ ಒಂದು ಪುಟ್ಟ ಬಿಲ್ಲೆ ಕತ್ತರಿಸುತ್ತೆ, 2ರಿಂದ 4 ಮಿಲಿಮೀಟರ್ ಸೀಳಿನಿಂದ ಸರ್ಜನ್ ಅದನ್ನ ಎಳೆದು ತೆಗೀತಾರೆ. ಬಿಲ್ಲೆ ಮೇಲೆ ಉಳಿಯೋ ಪದರ, ಟೋಪಿ ಅಂತಾರೆ, 120 ಮೈಕ್ರಾನ್ ಅಂದುಕೊಳ್ಳಿ. ಬಿಲ್ಲೆ ಹರಿಯದೆ ಕೈಗೆ ಬರಬೇಕಲ್ಲ, ಅದಕ್ಕೆ ಅಂಚಿನ ದಪ್ಪ ಅಂತ ಆ 116ಕ್ಕೆ ಇನ್ನೊಂದು 15 ಸೇರುತ್ತೆ: 131. ಟೋಪಿಯ 120ನ್ನೂ ಕಳೆದ್ರೆ ಬಾಕಿ 247.

ಪಿಆರ್‌ಕೆ ಆದ್ರೆ ಫ್ಲಾಪೂ ಇಲ್ಲ, ಟೋಪಿಯೂ ಇಲ್ಲ. ಮೇಲಿನ ಚರ್ಮದಂಥ ಪದರ ಸುಮಾರು 50 ಕೆರೆದು ನೇರ ಲೇಸರ್. 498ರಲ್ಲಿ 50, ಆಮೇಲೆ 116 ಹೋಗಿ 332. ಐಸಿಎಲ್‌ನಲ್ಲಿ ಈ ಕಳೆಯೋ ಲೆಕ್ಕವೇ ಇಲ್ಲ.

ಮೂರು ಆಸ್ಪತ್ರೆ ಮೂರು ಮಾತು ಯಾಕೆ ಅಂದಿರಲ್ಲ. ಅವರು ಮೂರೂ ಜನ ಇದೇ 498ನ್ನ ನೋಡಿದಾರೆ. ಒಬ್ಬರಿಗೆ 247 ನಡೆಯುತ್ತೆ, ಇನ್ನಿಬ್ಬರಿಗೆ ನಡೆಯಲ್ಲ.

ಸಂಜೆಮಲ್ಲಿಗೆ · ಸೋಮವಾರ ಬೆಳಿಗ್ಗೆ 9:15

ಸರ್, ಆದ್ರೆ ಸ್ಮೈಲ್‌ನಲ್ಲಿ ಮೇಲಿನ ಪದರ ಹಾಗೇ ಉಳಿಯುತ್ತೆ, ಕಾರ್ನಿಯಾದ ಗಟ್ಟಿ ಭಾಗ ಅದೇ ಅಂತ ನನ್ನ ಡಾಕ್ಟರ್ ಹೇಳಿದ್ರು. ಫ್ಲಾಪ್ ಲೆಕ್ಕವನ್ನೇ ಸ್ಮೈಲ್‌ಗೂ ಹಾಕಿದ್ರೆ ಅನ್ಯಾಯ ಅಲ್ವಾ?

ಅಕ್ಷರಪಟ · ಸೋಮವಾರ ಬೆಳಿಗ್ಗೆ 9:40

ನಿಮ್ಮ ಡಾಕ್ಟರ್ ಹೇಳಿದ್ದು ಸರಿ. ಮುಂಭಾಗದ ನಾರು ಹಿಂಭಾಗಕ್ಕಿಂತ ಬಿಗಿ. ಲ್ಯಾಸಿಕ್ ಫ್ಲಾಪ್‌ನ ಸುತ್ತಳತೆ ಸುಮಾರು 20 ಮಿಲಿಮೀಟರ್ ಕತ್ತರಿಸಿದ್ರೆ ಸ್ಮೈಲ್‌ದು ಎರಡೋ ಮೂರೋ. ನರಗಳೂ ಕಡಿಮೆ ಕತ್ತರಿಸುತ್ತೆ, ಅದಕ್ಕೇ ಕಣ್ಣು ಒಣಗೋದು ಕಮ್ಮಿ. ನಿಮ್ಮ 3.5ಕ್ಕೆ ಅದು ಭೇಷ್ ಆಯ್ಕೆ. ನಾನು ಜಗಳ ಆಡ್ತಿರೋದು ಸ್ಮೈಲ್ ಜೊತೆ ಅಲ್ಲ, ತೆಳು ಕಾರ್ನಿಯಾ ಮೇಲೆ 8.25 ತೆಗೆಯೋದರ ಜೊತೆ. ಅಷ್ಟು ಕೆತ್ತಿದ ಮೇಲೆ ಒಂದು ಪವರ್ ಉಳಿದುಬಿಟ್ರೆ ಎರಡನೇ ಸಲ ಸರಿಪಡಿಸೋಕೆ ಜಾಗ ಎಲ್ಲಿದೆ?

ಬೈಕ್‌ಧೂಳು · ಸೋಮವಾರ ಮಧ್ಯಾಹ್ನ 1:22

ಪಿಆರ್‌ಕೆ ಮಾಡಿಸ್ಕೊಂಡೋನು ನಾನು. ಮೈನಸ್ 4.25, ಕಾರ್ನಿಯಾ 489. ನಾನು ಕಬಡ್ಡಿ ಆಡ್ತೀನಿ, ಮುಖಕ್ಕೆ ಮೊಣಕೈ ಬೀಳೋದು ಮಾಮೂಲಿ. ಏಟು ಬಿದ್ರೆ ಫ್ಲಾಪ್ ಸರಿಯೋ ಸಾಧ್ಯತೆ ವರ್ಷಗಳಾದ್ರೂ ಇರುತ್ತೆ ಅಂದ್ರು. ಹಾಗಾಗಿ ಪಿಆರ್‌ಕೆ.

ಆಪರೇಷನ್ ಏನೂ ಅಲ್ಲ ಬಿಡಿ. ಹನಿ ಹಾಕಿ ಮರಗಟ್ಟಿಸಿ, ರೆಪ್ಪೆ ಮುಚ್ಚದ ಹಾಗೆ ಕ್ಲಿಪ್ ಹಾಕಿ, ಮೇಲಿನ ಪದರ ಒರೆಸಿ ತೆಗೆದ್ರು. ಲೇಸರ್ ಟಕಟಕ ಅಂತ ಸದ್ದು, ಕೂದಲು ಸುಟ್ಟ ವಾಸನೆ. "ಡಾಕ್ಟ್ರೇ, ಸುಡ್ತಿದೆ" ಅಂದೆ. "ಸುಡ್ತಿಲ್ಲಪ್ಪ, ಅಲ್ಲಾಡಬೇಡ" ಅಂದ್ರು. ಕೊನೇಲಿ ಬ್ಯಾಂಡೇಜ್ ಲೆನ್ಸ್ ಹಾಕಿ ಮನೆಗೆ ಕಳಿಸಿದ್ರು. ಸಂಜೆವರೆಗೆ ರಾಜ ನಾನು.

ರಾತ್ರಿ ಶುರುವಾಯ್ತು ನೋಡಿ. ಯಾರೋ ಎರಡೂ ಕಣ್ಣಲ್ಲಿ ಈರುಳ್ಳಿ ಹೆಚ್ಚುತ್ತಾ ಕೂತ ಹಾಗೆ. ಎರಡನೇ ದಿನ ಇನ್ನೂ ಜಾಸ್ತಿ. ಕಿಟಕಿಗೆ ಬೆಡ್‌ಶೀಟು ಕಟ್ಟಿ ಕತ್ತಲೆ ರೂಮಲ್ಲಿ ಮಲಗಿದ್ದೆ, ಫ್ರಿಜ್ ಬಾಗಿಲು ತೆಗೆದ ಬೆಳಕಿಗೂ ನೀರು ಸುರೀತಿತ್ತು. ಅಕ್ಕ ಬಂದು ಹನಿ ಹಾಕ್ತಿದ್ಲು, ನನ್ನ ಕೈಲಿ ಬಾಟಲಿ ಮೇಲಿನ ಹೆಸರು ಓದೋಕೂ ಆಗ್ತಿರಲಿಲ್ಲ. ಐದನೇ ದಿನ ಬ್ಯಾಂಡೇಜ್ ಲೆನ್ಸ್ ತೆಗೆದ್ರು. ನೋವು ಹೋಯ್ತು, ಮಬ್ಬು ಉಳೀತು. ಲ್ಯಾಪ್‌ಟಾಪ್ ಸ್ಕ್ರೀನು ನೆಟ್ಟಗೆ ಓದೋಕೆ ಮೂರು ವಾರ, ರಾತ್ರಿ ಬೈಕ್ ಓಡಿಸೋ ಧೈರ್ಯ ಬರೋಕೆ ಎರಡು ತಿಂಗಳು ಹಿಡೀತು. ಈಗ ನಾಲ್ಕು ವರ್ಷ, ಕಣ್ಣು ಫಸ್ಟ್‌ಕ್ಲಾಸ್.

ಎರಡು ದಿನದ ರಜೆ ಹಾಕಿ ಪಿಆರ್‌ಕೆಗೆ ಹೋಗಬೇಡಿ ಅಷ್ಟೇ. ಎರಡು ವಾರ ಇಟ್ಕೊಳಿ.

ಅಕ್ಷರಪಟ · ಸೋಮವಾರ ಮಧ್ಯಾಹ್ನ 2:03

ಇದಕ್ಕೊಂದು ಸೇರಿಸ್ತೀನಿ. 4.25ಕ್ಕೆ ಪಿಆರ್‌ಕೆ ಬೇರೆ, 8.25ಕ್ಕೆ ಪಿಆರ್‌ಕೆ ಬೇರೆ. ಆಳಕ್ಕೆ ಕೆತ್ತಿದಷ್ಟೂ ವಾಸಿಯಾಗುವಾಗ ಹೇಜ್ ಅನ್ನೋ ಬೂದು ಮಸುಕು ಬರೋ ಸಾಧ್ಯತೆ ಹೆಚ್ಚು. ಅದಕ್ಕೆ ಮೈಟೋಮೈಸಿನ್ ಅನ್ನೋ ಔಷಧಿ ಸ್ವಲ್ಪ ಹೊತ್ತು ಇಡ್ತಾರೆ, ತಿಂಗಳುಗಟ್ಟಲೆ ಬಿಸಿಲಿಗೆ ಕಪ್ಪು ಕನ್ನಡಕ, ಸ್ಟೀರಾಯ್ಡ್ ಹನಿ ನಿಧಾನಕ್ಕೆ ಇಳಿಸೋದು. ಸ್ಟೀರಾಯ್ಡ್ ಹನಿ ಕೆಲವರಿಗೆ ಕಣ್ಣಿನ ಒತ್ತಡ ಏರಿಸುತ್ತೆ, ಹಾಗಾಗಿ "ಕಣ್ಣು ಚೆನ್ನಾಗಿದೆಯಲ್ಲ" ಅಂತ ಚೆಕಪ್ ತಪ್ಪಿಸಬಾರದು. ಜನ ತಪ್ಪಿಸೋದು ಅದನ್ನೇ.

ಹುಬ್ಬಳ್ಳಿಮಂದಿ · ಸೋಮವಾರ ರಾತ್ರಿ 8:50

ನಂದು ಮೈನಸ್ 11 ಇತ್ರೀ. ಲೇಸರ್ ಮಾತಾ ಇಲ್ಲ ಅಂದ್ರು ಎಲ್ಲಾ ಕಡೆ. 2021ರಾಗ ಐಸಿಎಲ್ ಮಾಡಿಸ್ಕೊಂಡೆ.

ಇದು ಪೊರಿ ಆಪರೇಷನ್ ಅಲ್ರೀ, ನಮ್ಮವ್ವ ಹಂಗ ತಿಳಕೊಂಡಿದ್ಲು. ಪೊರಿ ತಗದಾಗ ನಮ್ಮ ಲೆನ್ಸ್ ತಗದು ಬ್ಯಾರೇದು ಹಾಕ್ತಾರ. ಇದರಾಗ ನಮ್ಮ ಲೆನ್ಸ್ ಇದ್ದಲ್ಲೇ ಇರ್ತದ, ಅದರ ಮುಂದ, ಕಣ್ಣಿನ ಬಣ್ಣದ ಭಾಗದ ಹಿಂದ ಒಂದು ತೆಳು ಲೆನ್ಸ್ ಇಡ್ತಾರ. ಮೂರು ಮಿಲಿಮೀಟರ್ ತೂತಿನಾಗ ಮಡಚಿ ಹಾಕ್ತಾರ, ಒಳಗ ಹೋಗಿ ಹೂವಿನಂಗ ಅರಳ್ತದ, ನಾಕೂ ಮೂಲಿ ಹಿಂದಕ ಸಿಗಿಸ್ತಾರ. ಎರಡು ತಾಸು ಕುಂದರಿಸಿ ಒತ್ತಡ ನೋಡಿ ಬಿಟ್ರು. ಮರುದಿನ ಫ್ಯಾನಿನ ರೆಕ್ಕಿ ಮ್ಯಾಲಿನ ಧೂಳು ಕಂಡು ಹೆಂಡತಿಗೆ ಹೇಳಿದೆ, ಅಕಿ ಸಿಟ್ಟಾದ್ಲು.

ತ್ರಾಸು ಹೇಳ್ತೀನಿ. ಒಂದು, ರಾತ್ರಿ ಎದುರಿನ ಗಾಡಿ ಲೈಟಿನ ಸುತ್ತ ಬಳಿ ಬಳಿ ಉಂಗುರ. ಲೆನ್ಸಿನ ನಡಕ ಒಂದು ಸಣ್ಣ ತೂತು ಇರ್ತದ, 0.36 ಮಿಲಿಮೀಟರು, ಕಣ್ಣೊಳಗಿನ ನೀರು ಹರ್ಯಾಕ. ಅದರದ್ದ ಉಂಗುರ. ಆರು ತಿಂಗಳಿಗೆ ಮರತ ಹೋತು. ಎರಡು, ವರ್ಷಾ ವರ್ಷಾ ಹೋಗಿ ಎರಡು ಲೆನ್ಸಿನ ನಡುವಿನ ಸಂದು ಅಳತಿ ಮಾಡಿಸ್ಬೇಕು, ಕಾರ್ನಿಯಾ ಒಳಗಿನ ಜೀವಕೋಶ ಎಣಿಸ್ಬೇಕು. ಸಂದು ಭಾಳ ಕಮ್ಮಿ ಆದ್ರ ಪೊರಿ ಬರಬಹುದು, ಭಾಳ ಜಾಸ್ತಿ ಆದ್ರ ಒತ್ತಡ ಏರಬಹುದು. ಮೂರು, ರೊಕ್ಕ.

ಬೇಡಂದ್ರ ತಗೀಬಹುದು, ಅದೊಂದು ಧೈರ್ಯ.

ಬೆಣ್ಣೆದೋಸೆ · ಸೋಮವಾರ ರಾತ್ರಿ 9:10

ಅಣ್ಣ, ಫ್ಯಾನ್ ಧೂಳಿನ ವಿಷಯ ಅತ್ತಿಗೆ ಹತ್ರ ಹೇಳಬಾರದಿತ್ತು 😄

ಇನ್ಶೂರೆನ್ಸ್ ಸಿಕ್ತಾ ನಿಮಗೆ? ನನ್ನ ಕಂಪನಿ ಪಾಲಿಸಿ ವಿಚಾರಿಸಿದೆ, "7.5ಕ್ಕಿಂತ ಕಮ್ಮಿ ಇದ್ರೆ ಬರಲ್ಲ" ಅಂದ್ರು.

ಹುಬ್ಬಳ್ಳಿಮಂದಿ · ಸೋಮವಾರ ರಾತ್ರಿ 9:18

ಸಿಕ್ತವ್ವ, ಪೂರಾ ಅಲ್ಲ. 7.5 ಡಯಾಪ್ಟರ್‌ಗಿಂತ ಕಮ್ಮಿ ದೋಷಕ್ಕ ಖರ್ಚು ಕೊಡೂದಿಲ್ಲ ಅಂತ ಹೆಚ್ಚಿನ ಆರೋಗ್ಯ ಪಾಲಿಸಿಯೊಳಗ ಒಂದ ಒಕ್ಕಣಿಕಿ ಅದ, ವಿಮಾ ಪ್ರಾಧಿಕಾರದವ್ರೇ ಬರೆದಿದ್ದು. ನಿಂದು 7. ಅರ್ಧಾ ಪವರಿನಾಗ ತಪ್ತು ನೋಡು. ಸಿಲಿಂಡರ್ ಕೂಡಿಸಿ ಹಿಡೀತಾರೇನು, ಬರವಣಿಗಿಯೊಳಗ ಕೇಳು.

ಹಳೇಫ್ಲಾಪ್ · ಮಂಗಳವಾರ ಬೆಳಿಗ್ಗೆ 6:30

ನಾನು 2008ರಲ್ಲಿ ಲ್ಯಾಸಿಕ್ ಮಾಡಿಸಿಕೊಂಡವಳು, ಮೈನಸ್ 4.5. ಆಗ ಬ್ಲೇಡ್‌ನಲ್ಲೇ ಫ್ಲಾಪ್ ಮಾಡ್ತಿದ್ರು, ಫೆಮ್ಟೋ ಇನ್ನೂ ದುಬಾರಿ. ಕಣ್ಣಿಗೆ ಉಂಗುರ ಒತ್ತಿದಾಗ ಕೆಲವು ಸೆಕೆಂಡು ಪೂರ್ತಿ ಕತ್ತಲೆ. ಆ ಕತ್ತಲೆ ಇವತ್ತಿಗೂ ನೆನಪಿದೆ.

ಹದಿನೈದು ವರ್ಷ ಸುಖವಾಗಿದ್ದೆ. ಮೊದಲ ವರ್ಷ ಕಣ್ಣು ಒಣಗ್ತಿತ್ತು. ಎಸಿ ಆಫೀಸು, ಕಂಪ್ಯೂಟರು, ಬ್ಯಾಗಲ್ಲಿ ಸದಾ ಕಣ್ಣೀರಿನ ಹನಿ. ಕಾರ್ನಿಯಾದ ನರ ಕತ್ತರಿಸಿದಾಗ "ಒಣಗಿದೆ, ನೀರು ಕಳಿಸು" ಅಂತ ಸಂದೇಶವೇ ಹೋಗಲ್ಲವಂತೆ. ಅದು ಮತ್ತೆ ಬೆಳೆಯೋಕೆ ಆರು ತಿಂಗಳು, ವರ್ಷ. ನಿಮಗೆ ಈಗಲೇ ಸಂಜೆ ಕಣ್ಣು ಕೆಂಪಾಗುತ್ತೆ ಅಂತೀರಿ, ಕಣ್ಣೀರಿನ ಟೆಸ್ಟ್ ಮಾಡಿಸಿ. ರೆಪ್ಪೆ ಕೆಳಗೆ ಕಾಗದದ ಪಟ್ಟಿ ಸಿಗಿಸಿ ಐದು ನಿಮಿಷದಲ್ಲಿ ಎಷ್ಟು ಒದ್ದೆಯಾಯ್ತು ಅಂತ ನೋಡ್ತಾರೆ.

ಇನ್ನೊಂದು ಯಾರೂ ಹೇಳಲ್ಲ. ಈಗ ನನಗೆ 43, ಚಾಳೀಸು ಬಂದಿದೆ. ಮೈನಸ್ ಇದ್ದ ನನ್ನ ತಂಗಿ ಕನ್ನಡಕ ತೆಗೆದು ಆರಾಮಾಗಿ ಔಷಧಿ ಚೀಟಿ ಓದ್ತಾಳೆ. ನಾನು ಪ್ಲಸ್ ಕನ್ನಡಕ ಹುಡುಕ್ತೀನಿ. ನಿಮಗೆ 27, ತಲೆ ಕೆಡಿಸ್ಕೋಬೇಡಿ. ಆದ್ರೆ ಇದನ್ನ ಓದ್ತಿರೋ ನಲವತ್ತರ ಆಸುಪಾಸಿನವರು, ಅದರಲ್ಲೂ ಮೈನಸ್ 2ರವರು, ಒಂದು ಸಲ ಯೋಚಿಸಿ: ಹತ್ತಿರದ್ದು ಬರಿಗಣ್ಣಲ್ಲಿ ಓದೋ ಸುಖ ಕೊಟ್ಟು ದೂರದ್ದು ಕೊಳ್ತಿದೀರಿ.

ಹಳೇ ಫೈಲ್ ಮಾತ್ರ ಬಿಸಾಡಬೇಡಿ. ಮುಂದೆ ಪೊರೆ ಬಂದಾಗ ಒಳಗೆ ಹಾಕೋ ಲೆನ್ಸಿನ ಪವರ್ ಲೆಕ್ಕ ಹಾಕೋಕೆ ಕೆತ್ತೋ ಮುಂಚಿನ ಕಾರ್ನಿಯಾ ಅಳತೆ ಬೇಕಾಗುತ್ತೆ. ನನ್ನದು ಮನೆ ಶಿಫ್ಟ್ ಮಾಡುವಾಗ ಕಳೆದುಹೋಯ್ತು, ಆಸ್ಪತ್ರೆಯವರೂ ಇಟ್ಟಿಲ್ಲ.

ಸೋಡಾಗ್ಲಾಸು · ಮಂಗಳವಾರ ಬೆಳಿಗ್ಗೆ 10:02

ನನಗೆ ಒಂದೇ ಪ್ರಶ್ನೆ. ಕನ್ನಡಕ ಹಾಕ್ಕೊಂಡ್ರೆ ಏನಾಗುತ್ತೆ? ನಂದು ಮೈನಸ್ 8, ವಯಸ್ಸು 51, ಮದುವೆಯೂ ಆಗಿದೆ, ಮಕ್ಕಳೂ ಆಗಿದಾರೆ.

ನಮ್ಮ ಚಿಕ್ಕಪ್ಪ 1991ರಲ್ಲಿ ಆರ್‌ಕೆ ಮಾಡಿಸ್ಕೊಂಡ್ರು. ಆಗ ಅದೇ ಹೊಸ ಫ್ಯಾಷನ್. ರಷ್ಯಾದ ಫ್ಯೋದೊರೊವ್ ಅನ್ನೋ ಡಾಕ್ಟರ್ ಹೆಸರುವಾಸಿ ಮಾಡಿದ್ದು, ಕಾರ್ನಿಯಾ ಮೇಲೆ ಸೈಕಲ್ ಚಕ್ರದ ಕಡ್ಡಿ ಥರ ಸೀಳು ಹಾಕೋದು. ಹತ್ತು ವರ್ಷ ಹೀರೋ ಥರ ತಿರುಗಿದ್ರು. ಈಗ ಬೆಳಿಗ್ಗೆ ಒಂದು ಪವರು, ಸಂಜೆ ಒಂದು ಪವರು, ಮೈನಸ್ ಹೋಗಿ ಪ್ಲಸ್ ಬಂದಿದೆ. ಆಗಲೂ ಎಲ್ಲರೂ "ಏನೂ ಆಗಲ್ಲ" ಅಂದಿದ್ರು.

ನಮ್ಮಜ್ಜನಿಗೆ ಡಾ. ಎಂ. ಸಿ. ಮೋದಿಯವರ ಶಿಬಿರದಲ್ಲಿ ಪೊರೆ ತೆಗೆದದ್ದು. ಒಳಗೆ ಲೆನ್ಸ್ ಹಾಕೋ ಕಾಲ ಅಲ್ಲ ಅದು. ಪೊರೆ ತೆಗೆದು ಪ್ಲಸ್ ಹತ್ತರ ಕನ್ನಡಕ ಕೊಟ್ರು, ಅಜ್ಜನ ಕಣ್ಣು ಅದರೊಳಗೆ ಕೋಳಿಮೊಟ್ಟೆಯಷ್ಟು ಕಾಣ್ತಿತ್ತು. ಆ ಮನುಷ್ಯ ಸಾಯೋವರೆಗೂ ಆ ಕನ್ನಡಕವನ್ನ ದೇವರ ಕೋಣೇಲಿ ಇಟ್ಟು ಮಲಗ್ತಿದ್ದ. ಕಾಣೋದೇ ಇಲ್ಲದವನಿಗೆ ಆಪರೇಷನ್ ಬೇರೆ. ಕನ್ನಡಕ ಹಾಕಿದ್ರೆ ಆರಕ್ಕೆ ಆರು ಕಾಣೋ ಕಣ್ಣಿಗೆ ಕತ್ತರಿ ಹಾಕೋದು ಬೇರೆ.

ಬೆಣ್ಣೆದೋಸೆ · ಮಂಗಳವಾರ ಬೆಳಿಗ್ಗೆ 10:20

ಸರ್, ನಿಮ್ಮ ಮಾತಿಗೆ ಬೆಲೆ ಇದೆ. ಆದ್ರೆ ಮೈನಸ್ 8ರ ಗಂಡಸಿಗೆ "ಓದಿದೋನು" ಅಂತಾರೆ. ಮೈನಸ್ 7ರ ಹುಡುಗೀಗೆ "ಮಕ್ಕಳಿಗೂ ಬರುತ್ತೇನೋ" ಅಂತಾರೆ. ಹೋದ ತಿಂಗಳು ಬಂದೋರು ಉಪ್ಪಿಟ್ಟು ತಿಂತಾನೇ ಅಂದ್ರು. ಲೇಸರ್ ಮಾಡಿಸಿದ್ರೆ ಮಕ್ಕಳಿಗೆ ಬರೋದು ತಪ್ಪಲ್ಲ ಅಂತ ನಂಗೂ ಗೊತ್ತು. ನನಗೆ ಬೇಕಿರೋದು ಮಳೇಲಿ ಗಾಡಿ ಓಡಿಸುವಾಗ ಗಾಜು ಒರೆಸದೆ ರಸ್ತೆ ಕಾಣೋದು.

ಸೋಡಾಗ್ಲಾಸು · ಮಂಗಳವಾರ ಬೆಳಿಗ್ಗೆ 10:26

ಉಪ್ಪಿಟ್ಟು ತಿಂತಾ ಅಂದ್ರಾ! ತಟ್ಟೆ ಕಿತ್ಕೋಬೇಕಿತ್ತು. ಸರಿ ತಾಯಿ, ಮಾಡಿಸ್ಕೋ. ಲೆಕ್ಕ ಹಾಕಿ ಮಾಡಿಸ್ಕೋ.

ಕೆಂಪುಬಸ್ಸು · ಮಂಗಳವಾರ ಸಂಜೆ 5:44

ನಡುವೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ನಾನು 21, ಮೈನಸ್ 2.5. ರೈಲ್ವೆ ಲೋಕೋ ಪೈಲಟ್ಗೂ ಓದ್ತಿದೀನಿ, ಏರ್‌ಫೋರ್ಸಿಗೂ ಹಾಕಬೇಕು ಅಂತಿದೀನಿ. ಲ್ಯಾಸಿಕ್ ಮಾಡಿಸ್ಕೊಂಡ್ರೆ ಮೆಡಿಕಲ್ ಪಾಸ್ ಆಗ್ತೀನಾ? ಫ್ರೆಂಡ್ಸ್ ಎಲ್ಲ "ಹೇಳ್ಬೇಡ, ಗೊತ್ತಾಗಲ್ಲ" ಅಂತಾರೆ.

ಅಕ್ಷರಪಟ · ಮಂಗಳವಾರ ಸಂಜೆ 6:30

ಗೊತ್ತಾಗುತ್ತಪ್ಪ. ಸ್ಲಿಟ್ ಲ್ಯಾಂಪ್ ಅನ್ನೋ ಕಣ್ಣಿನ ಸೂಕ್ಷ್ಮದರ್ಶಕದ ಕೆಳಗೆ ಫ್ಲಾಪಿನ ಅಂಚು ಗೆರೆ ಎಳೆದ ಹಾಗೆ ಕಾಣುತ್ತೆ. ಪಿಆರ್‌ಕೆ ಕೂಡ ಕಾರ್ನಿಯಾದ ನಕ್ಷೆ ತೆಗೆದ ತಕ್ಷಣ ನಡುವೆ ನೀಲಿ ಚಪ್ಪಟೆ ಜಾಗವಾಗಿ ಸಿಕ್ಕಿಬೀಳುತ್ತೆ.

ಲೋಕೋ ಪೈಲಟ್ ಹುದ್ದೆ ರೈಲ್ವೆ ಮೆಡಿಕಲ್‌ನಲ್ಲಿ ಎ-1 ದರ್ಜೆ. ಕಣ್ಣಿನ ದೋಷಕ್ಕೆ ಲ್ಯಾಸಿಕ್ ಅಥವಾ ಬೇರೆ ಆಪರೇಷನ್ ಆದವರು ಅರ್ಹರಲ್ಲ ಅಂತ ನೇಮಕಾತಿ ಪ್ರಕಟಣೆಯಲ್ಲೇ ಬರೀತಾರೆ, ಮೈನಸ್ 2.5ರ ಕನ್ನಡಕವೂ ಅಲ್ಲಿ ನಡೆಯಲ್ಲ. ವಾಯುಪಡೆಯವರು ಷರತ್ತಿನ ಮೇಲೆ ಒಪ್ತಾರೆ: 20 ವರ್ಷ ತುಂಬೋ ಮುಂಚೆ ಆಗಿರಬಾರದು, ಆಗಿ 12 ತಿಂಗಳು ಕಳೆದಿರಬೇಕು, ಕಣ್ಣಿನ ಉದ್ದಕ್ಕೂ ಕಾರ್ನಿಯಾ ದಪ್ಪಕ್ಕೂ ಮಿತಿ ಇದೆ. ಆರ್‌ಕೆ ಆದವರನ್ನ ತಗೊಳಲ್ಲ. ಯಾವ ಹುದ್ದೆಗೆ ಹಾಕ್ತೀಯೋ ಆ ವರ್ಷದ ಪ್ರಕಟಣೆಯ ಮೆಡಿಕಲ್ ಪುಟ ಪ್ರಿಂಟ್ ತೆಗೆದು ಸರ್ಜನ್ ಮುಂದೆ ಇಡು. ಆಮೇಲೆ ಆಪರೇಷನ್ ಮಾತು.

ಉಜ್ಜುಕಣ್ಣು · ಬುಧವಾರ ರಾತ್ರಿ 11:48

ಇಲ್ಲಿ ಎಲ್ಲರೂ ಮಾಡಿಸ್ಕೊಂಡವರ ಕತೆ ಹೇಳ್ತಿದೀರಿ. ನಂದು ಮಾಡಿಸ್ಕೊಳ್ಳದೇ ಇದ್ದ ಕತೆ.

ಮಂಗಳೂರು, ವಯಸ್ಸು 24. ಚಿಕ್ಕಂದಿನಿಂದ ಅಲರ್ಜಿ, ಕಣ್ಣು ಉಜ್ಜೋದೇ ಕಸುಬು. ಸಿಲಿಂಡರ್ ವರ್ಷಾ ವರ್ಷಾ ಏರ್ತಾ ಇತ್ತು. ಲ್ಯಾಸಿಕ್ ಮಾಡಿಸೋಣ ಅಂತ ಸಂಭ್ರಮದಲ್ಲಿ ಹೋದೆ. ಸ್ಕ್ಯಾನ್ ತೆಗೆದ ಹುಡುಗಿ ಒಂದು ಸಲ ನೋಡಿದ್ಲು, ಮತ್ತೆ ತೆಗೆದ್ಲು, ಮೂರನೇ ಸಲ ತೆಗೆದು ಡಾಕ್ಟರನ್ನ ಕರೆದ್ಲು. ಪರದೆ ಮೇಲೆ ನಕ್ಷೆ ಹಸಿರಾಗಿತ್ತು, ಕೆಳಗಡೆ ಒಂದು ಕಡೆ ಮಾತ್ರ ಕೆಂಪು ಕಲೆ. ಕೆರಟೋಕೋನಸ್ ಅಂದ್ರು. ಕಾರ್ನಿಯಾ ತೆಳ್ಳಗಾಗಿ ಶಂಕುವಿನ ಹಾಗೆ ಮುಂದೆ ಬರೋದು. ಇಂಥ ಕಣ್ಣಿಗೆ ಲ್ಯಾಸಿಕ್ ಮಾಡಿದ್ರೆ ಬಿರುಕು ಬಿಟ್ಟ ಕಟ್ಟೆಯಿಂದ ಇನ್ನೆರಡು ಕಲ್ಲು ಕಿತ್ತ ಹಾಗೆ.

ಲ್ಯಾಸಿಕ್ ಬದಲು ಸಿ3ಆರ್ ಮಾಡಿದ್ರು. ರೈಬೋಫ್ಲೇವಿನ್ ಹನಿ, ಅಂದ್ರೆ ಬಿ2 ವಿಟಮಿನ್ನು, ಹಾಕಿ ಅತಿನೇರಳೆ ಬೆಳಕು ಬಿಟ್ಟು ಕಾರ್ನಿಯಾ ನಾರು ಬಿಗಿ ಮಾಡೋದು. ಕನ್ನಡಕ ಹೋಗಲಿಲ್ಲ, ಕಾಯಿಲೆ ನಿಂತಿದೆ. ಆ ಸ್ಕ್ಯಾನ್‌ಗೂ ಎರಡು ತಿಂಗಳು ಮುಂಚೆ ಬೇರೆ ಒಂದು ಕಡೆ ಬರೀ ಪವರ್ ನೋಡಿ "ಲ್ಯಾಸಿಕ್ ಆಗುತ್ತೆ" ಅಂದಿದ್ರು, ಸ್ಕ್ಯಾನ್ ಆಪರೇಷನ್ ದಿನವೇ ಮಾಡೋಣ ಅಂತ. ಅವರ ಹತ್ರ ಹೋಗಿದ್ರೆ? ರಾತ್ರಿ ನಿದ್ದೆ ಬರದಾಗ ಇದೇ ಯೋಚನೆ.

ಅಕ್ಕ, ಕಣ್ಣು ಉಜ್ಜೋ ಚಾಳಿ ಇದ್ಯಾ? ಇದ್ರೆ ಡಾಕ್ಟರ್‌ಗೆ ಹೇಳಿ. ಮೊಡವೆಗೆ ಐಸೋಟ್ರೆಟಿನಾಯಿನ್ ಮಾತ್ರೆ ತಗೊಳ್ತಿದ್ರೆ ಅದೂ ಹೇಳಿ, ಕಣ್ಣು ಒಣಗಿಸುತ್ತೆ.

ಟರ್ಕಿಕೋಳಿ · ಗುರುವಾರ ಮಧ್ಯಾಹ್ನ 12:15

ಇಷ್ಟು ಹೊತ್ತು ಸುಮ್ನೆ ಓದ್ತಿದ್ದೆ. ಬೈಕ್‌ಧೂಳು ಅವರ "ಸುಡ್ತಿಲ್ಲಪ್ಪ" ಮಾತಿಗೆ ಒಂದು ಕತೆ ಇದೆ.

ಆ ಲೇಸರ್ ಹೆಸರು ಎಕ್ಸೈಮರ್, ತರಂಗದ ಉದ್ದ 193 ನ್ಯಾನೋಮೀಟರ್. ಅದು ಮಾಂಸವನ್ನ ಸುಡದೆ ಅಣುಗಳ ಬಂಧ ಬಿಡಿಸಿ ಕೆತ್ತುತ್ತೆ ಅಂತ ಕಂಡುಕೊಂಡವರಲ್ಲಿ ಮುಖ್ಯರು ಮದ್ರಾಸಿನಲ್ಲಿ ಹುಟ್ಟಿ ಬೆಳೆದ ರಂಗಸ್ವಾಮಿ ಶ್ರೀನಿವಾಸನ್, ಅಮೆರಿಕದ ಐಬಿಎಂ ಪ್ರಯೋಗಾಲಯದವರು. 1981ರಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಾರನೇ ದಿನ, ಮನೇಲಿ ಉಳಿದಿದ್ದ ಟರ್ಕಿ ಕೋಳಿಯ ಚೂರು ತಂದು ಲೇಸರ್ ಬಿಟ್ಟು ನೋಡಿದ್ರು. ಸುತ್ತ ಒಂದು ಚೂರೂ ಕಪ್ಪಾಗಿರಲಿಲ್ಲ. ಆಮೇಲೆ ಟ್ರೋಕೆಲ್ ಅನ್ನೋ ಕಣ್ಣಿನ ಡಾಕ್ಟರ್ ಜೊತೆ ಸೇರಿ ಕಾರ್ನಿಯಾ ಮೇಲೆ ಪ್ರಯೋಗ. ಪಿಆರ್‌ಕೆ, ಲ್ಯಾಸಿಕ್ ಎಲ್ಲದರ ಮೂಲ ಆ ಹಬ್ಬದೂಟದ ತಂಗಳು.

ಜಾಹೀರಾತಿನ ಹೆಸರುಗಳ ಬಗ್ಗೆಯೂ ಒಂದು ಮಾತು. ಕಾಂಟೂರಾ ಅಂದ್ರೆ ಬೇರೆ ಆಪರೇಷನ್ ಅಲ್ಲ, ಕಾರ್ನಿಯಾ ನಕ್ಷೆ ನೋಡಿ ಕೆತ್ತೋ ಲ್ಯಾಸಿಕ್ಕೇ. ಫ್ಲಾಪ್ ಇದ್ದೇ ಇರುತ್ತೆ. ಟ್ರಾನ್ಸ್-ಪಿಆರ್‌ಕೆ ಅಂದ್ರೆ ಮೇಲಿನ ಪದರವನ್ನೂ ಲೇಸರ್ರೇ ತೆಗೆಯೋ ಪಿಆರ್‌ಕೆ. ಸ್ಮೈಲ್ ಪ್ರೊ ಅಂದ್ರೆ ಅದೇ ಸ್ಮೈಲ್, ಹೊಸ ಯಂತ್ರ, ಲೇಸರ್ ಹತ್ತು ಸೆಕೆಂಡಿನೊಳಗೆ ಮುಗಿಯುತ್ತೆ. ಹೆಸರು ಕೇಳಿದ ತಕ್ಷಣ "ಫ್ಲಾಪಾ, ಬಿಲ್ಲೆಯಾ, ಮೇಲ್ಮೈಯಾ, ಒಳಗಿನ ಲೆನ್ಸಾ?" ಅಂತ ಕೇಳಿದ್ರೆ ಅರ್ಧ ಗೊಂದಲ ಅಲ್ಲೇ ಹೋಗುತ್ತೆ.

ಬೆಣ್ಣೆದೋಸೆ · ಐದು ವಾರದ ನಂತರ, ಶನಿವಾರ ಸಂಜೆ 7:05

ಎಲ್ಲರೂ ಇನ್‌ಬಾಕ್ಸಲ್ಲಿ ಏನಾಯ್ತು ಅಂತ ಕೇಳ್ತಿದೀರಿ. ಹೇಳ್ತೀನಿ.

ಮೂರು ವಾರ ಕಾಂಟ್ಯಾಕ್ಟ್ ಲೆನ್ಸ್ ಮುಟ್ಟಲಿಲ್ಲ. ಆಫೀಸಲ್ಲಿ ಎಲ್ಲರೂ "ಹೊಸ ಲುಕ್ಕಾ" ಅಂದ್ರು. ಆಮೇಲೆ ಈ ಮೂರೂ ಅಲ್ಲದ ನಾಲ್ಕನೇ ಕಡೆ ಹೋದೆ, ನಾಲ್ಕೂ ಥರದ ಆಪರೇಷನ್ ಮಾಡೋ ಜಾಗ. ಒಂದೇ ಯಂತ್ರ ಇರೋ ಅಂಗಡೀಲಿ ಆ ಯಂತ್ರವನ್ನೇ ಮಾರ್ತಾರೆ ಅನ್ನೋದು ನನಗೆ ತಡವಾಗಿ ಹೊಳೀತು.

ಎಡಗಣ್ಣು ಈಗ ಮೈನಸ್ 6.75, ಸಿಲಿಂಡರ್ ಅದೇ 1.25. ದಪ್ಪ 489. ಒಂಬತ್ತು ಮೈಕ್ರಾನ್ ಬರೀ ಊತ! ಅಕ್ಷರಪಟ ಅಣ್ಣನ ಲೆಕ್ಕ ನಾನೇ ಹಾಕಿದೆ: 8 ಇಂಟು 14, 112. ಸ್ಮೈಲ್‌ಗೆ ಉಳಿಯೋದು 242. ಡಾಕ್ಟರ್ ಮುಂದೆ ಕಾಗದ ಇಟ್ಟೆ. ಅವರು ನಕ್ಕು, "ನೀವೇ ಬರೆದ್ರಾ? ನಾನೂ ಇದನ್ನೇ ಹೇಳೋಳಿದ್ದೆ" ಅಂದ್ರು. ನಕ್ಷೆ ಸರಿಯಾಗಿದೆ, ಕೆರಟೋಕೋನಸ್ ಇಲ್ಲ. ಕಣ್ಣೀರಿನ ಪಟ್ಟಿ ಐದು ನಿಮಿಷಕ್ಕೆ 8 ಮಿಲಿಮೀಟರ್ ಮಾತ್ರ ಒದ್ದೆ, ಸ್ವಲ್ಪ ಒಣಗಣ್ಣು.

ದೊಡ್ಡ ವಿಷಯ ಇದಲ್ಲ. ಹನಿ ಹಾಕಿ ಮುಕ್ಕಾಲು ಗಂಟೆ ಕೂರಿಸಿ, ತಲೆಗೆ ಲೈಟ್ ಕಟ್ಟಿಕೊಂಡು, ಮೇಲೆ ನೋಡಿ ಕೆಳಗೆ ನೋಡಿ ಅಂತ ರೆಟಿನಾದ ಅಂಚೆಲ್ಲ ನೋಡಿದ್ರು. ಎಡಗಣ್ಣಿನ ಅಂಚಿನಲ್ಲಿ ತೆಳುವಾದ ಜಾಗ, ಅದರಲ್ಲಿ ಒಂದು ಸಣ್ಣ ತೂತು! ಉದ್ದ ಕಣ್ಣಿನವರಿಗೆ, ಅಂದ್ರೆ ಜಾಸ್ತಿ ಮೈನಸ್ ಇರೋರಿಗೆ, ಆಗುತ್ತಂತೆ. ಕಾರ್ನಿಯಾ ಕೆತ್ತಿದ್ರೆ ಕನ್ನಡಕ ಹೋಗುತ್ತೆ, ಕಣ್ಣಿನ ಉದ್ದ ಹೋಗಲ್ಲ, ರೆಟಿನಾ ಅಪಾಯ ಹಾಗೇ ಇರುತ್ತೆ ಅಂದ್ರು. ತೂತಿನ ಸುತ್ತ ಲೇಸರ್ ಬೇಲಿ ಹಾಕಿದ್ರು, ಬ್ಯಾರೇಜ್ ಅಂತಾರೆ. ಹತ್ತು ನಿಮಿಷ, ಚುಳುಕ್ ಚುಳುಕ್ ಅನ್ನೋ ನೋವು. ಮೊದಲ ಆಸ್ಪತ್ರೆಯ ಹತ್ತು ಸಾವಿರ ಡಿಸ್ಕೌಂಟಿಗೆ ಆ ಶನಿವಾರ ಹೋಗಿದ್ರೆ ಈ ತೂತು ಯಾರಿಗೂ ಕಾಣ್ತಿರಲಿಲ್ಲ.

ಈಗ ಇರೋದು ಎರಡೇ ದಾರಿ. ಪಿಆರ್‌ಕೆ ಮಾಡಬಹುದು, 327 ಉಳಿಯುತ್ತೆ, ಆದ್ರೆ ಹೇಜ್ ಭಯ ಮತ್ತು ಒಣಗಣ್ಣು. ಐಸಿಎಲ್‌ಗೆ ಕಣ್ಣೊಳಗೆ ಜಾಗ ಬೇಕು, ನನಗೆ 3.2 ಮಿಲಿಮೀಟರ್ ಇದೆ, ಸಾಲುತ್ತೆ. ಸಿಲಿಂಡರ್ ಇರೋದ್ರಿಂದ ಟಾರಿಕ್ ಲೆನ್ಸ್ ಆರ್ಡರ್ ಮಾಡಿ ತರಿಸಬೇಕು. ಇನ್ಶೂರೆನ್ಸ್‌ನವರು ಸಿಲಿಂಡರ್ ಕೂಡಿಸಲ್ಲ ಅಂತ ಬರವಣಿಗೇಲೇ ಕೊಟ್ರು. ದುಡ್ಡು ಕೈಗೆ ಬರೋದು ಏಪ್ರಿಲ್ ಬೋನಸ್ಸಿಗೆ. ಹಾಗಾಗಿ ಐಸಿಎಲ್, ಏಪ್ರಿಲ್‌ನಲ್ಲಿ.

ಅಮ್ಮನಿಗೆ ಫೋನಲ್ಲಿ ತೂತಿನ ವಿಷಯ ಹೇಳಿದೆ. ಐದು ನಿಮಿಷ ಮಾತಿಲ್ಲ. ಆಮೇಲೆ "ಬರೋರು ಬರ್ಲಿ, ಕನ್ನಡಕ ಹಾಕ್ಕೊಂಡೇ ಕೂತ್ಕೋ" ಅಂದ್ಲು.

ಹುಬ್ಬಳ್ಳಿಮಂದಿ · ಶನಿವಾರ ಸಂಜೆ 7:30

ಭಾಳ ಚಲೋ ಆತು ತಂಗಿ, ತೂತು ಮೊದಲ ಸಿಕ್ಕಿದ್ದು. ಆಪರೇಷನ್ ಆದ ಮ್ಯಾಲ ಒಂದು ವಾರ ತಲಿಮ್ಯಾಲೆ ನೀರು ಹಾಕ್ಕೋಬ್ಯಾಡ, ಕಾಡಿಗಿ ಒಂದು ತಿಂಗಳು ಬ್ಯಾಡ. ನಮ್ಮವ್ವ ಮೂರನೇ ದಿನಾನ ದೃಷ್ಟಿ ತಗೀತೀನಂತ ಮೆಣಸಿನಕಾಯಿ ಸುಟ್ಟಿದ್ಲು. ಮನಿ ಬಿಟ್ಟು ಓಡಿ ಹೋಗಿದ್ದೆ.

ಅಕ್ಷರಪಟ · ಶನಿವಾರ ರಾತ್ರಿ 9:12

ಸಂತೋಷ ತಂಗಿ. ಏಪ್ರಿಲ್‌ಗೆ ಮುಂಚೆ ಎರಡು ಕೆಲಸ. ಆರ್ಡರ್ ಹಾಕೋ ದಿನಕ್ಕೂ ಎರಡು ವಾರ ಕಾಂಟ್ಯಾಕ್ಟ್ ಲೆನ್ಸ್ ಬಂದ್. ಕಪ್ಪುಗುಡ್ಡೆಯ ಅಡ್ಡಗಲ ಎರಡು ಬೇರೆ ಯಂತ್ರದಲ್ಲಿ ಅಳೆಸಿ, ಎರಡೂ ಹೊಂದುತ್ತಾ ಅಂತ ಕೇಳಿ. ಐಸಿಎಲ್ ಸೈಜು ಅದರ ಮೇಲೇ ನಿಂತಿರೋದು. ಟಾರಿಕ್ ಲೆನ್ಸ್ ಚಿಕ್ಕದಾದ್ರೆ ಒಳಗೆ ತಿರುಗುತ್ತೆ, ತಿರುಗಿದ್ರೆ ಸಿಲಿಂಡರ್ ಮತ್ತೆ ಬರುತ್ತೆ. ನಡುವೆ ಎಡಗಣ್ಣಿನಲ್ಲಿ ಮಿಂಚು ಹೊಡೆದ ಹಾಗಾದ್ರೆ, ಕಪ್ಪು ಚುಕ್ಕೆ ಜಾಸ್ತಿ ಕಂಡ್ರೆ ಏಪ್ರಿಲ್ ಕಾಯಬೇಡಿ, ಅವತ್ತೇ ಹೋಗಿ.

ಬೆಣ್ಣೆದೋಸೆ · ಶನಿವಾರ ರಾತ್ರಿ 9:20

ಬರೆದಿಟ್ಟುಕೊಂಡೆ ಅಣ್ಣ. ಈ ಸಲ ಪೆನ್ನಲ್ಲಿ.